ಬೀಗರ ಮನೆಯ ಬಚ್ಚಲಲ್ಲಿ ಒಂದು ಜಾಗ

ನನಗೊಂದು ಚಟವಿದೆ. ಎಲ್ಲೇ ಕೂರಲಿ, ಮೊದಲು ಸೆರಗಿನ ತುದಿಯಿಂದ ಆ ಜಾಗವನ್ನು ಒರೆಸಿ ಆಮೇಲೆ ಕೂರುತ್ತೇನೆ. ಬಸ್ಸಿನ ಸೀಟಾಗಲಿ, ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಯಾಗಲಿ, ಗುಡಿಯ ಕಟ್ಟೆಯಾಗಲಿ, ನನ್ನ ಕೈ ಕೇಳುವುದಿಲ್ಲ. ಮೊನ್ನೆ ಹೊಸಪೇಟೆಯಲ್ಲಿ ಪರಿಚಯದವರ ಹೊಸ ಮನೆಯ ಪ್ರವೇಶಕ್ಕೆ ಹೋಗಿದ್ದೆ. ನೆಲ ನೋಡಿದರೆ ಹಣೆಯ ಕುಂಕುಮ ಸರಿಮಾಡಿಕೊಳ್ಳಬಹುದು, ಅಷ್ಟು ಹೊಳಪು. ಹಾಗಿದ್ದರೂ ನಾನು ಅವರ ಸೋಫಾ ಒರೆಸಿಬಿಟ್ಟೆ. ಮನೆಯಾಕೆ ಮುಖ ಸಣ್ಣದು ಮಾಡಿಕೊಂಡು, "ಯಾಕ್ರೀ ಅಕ್ಕಾ, ಈಗರ ಅದರ ಮ್ಯಾಲಿನ ಪ್ಲಾಸ್ಟಿಕ್ ಹರದೀವಿ, ಅಷ್ಟರಾಗ ಏನು ಧೂಳು ಕಂಡ್ರಿ?" ಎಂದಳು. ಏನು ಹೇಳಲಿ? ಧೂಳು ಸೋಫಾದ ಮೇಲೆ ಇರಲಿಲ್ಲ, ನನ್ನ ಕಣ್ಣೊಳಗೆ ಕೂತಿತ್ತು ಎಂದು ಹೇಳಲಾದೀತೆ?

ಈಗ ಈ ಚಟ ನನ್ನ ಮೊಮ್ಮಗಳಿಗೂ ಅಂಟಿದೆ. ಅವಳ ಹೆಸರು ಪಂಪಾ. ನಾನು ಕಾಲು ಮಡಚಿ ಕೂತರೆ ಸಾಕು, ಓಡಿ ಬರುತ್ತಾಳೆ. ಬಂದವಳು ತನ್ನ ಲಂಗದ ತುದಿಯಿಂದ ನನ್ನ ತೊಡೆಯನ್ನು ಚೆನ್ನಾಗಿ ಒರೆಸುತ್ತಾಳೆ. ಬಗ್ಗಿ ನೋಡುತ್ತಾಳೆ. ಸ್ವಚ್ಛವಾಯಿತು ಅನ್ನಿಸಿದ ಮೇಲೆ ಗತ್ತಿನಿಂದ ಅದರ ಮೇಲೆ ಕೂರುತ್ತಾಳೆ. ನಗಬೇಡಿ, ಇದನ್ನು ನಾನು ಊರಿಗೆಲ್ಲ ಹೇಳಿ ಮುಗಿಸಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಹೇಳಿದ್ದೇನೆ. ನಮ್ಮ ಮನೆಯವರಂತೂ ನಾನು "ನಮ್ಮ ಪಂಪಾ" ಎಂದು ಬಾಯಿ ತೆರೆದ ಕೂಡಲೇ ಟವೆಲ್ ಹೆಗಲಿಗೆ ಹಾಕಿ ಎಮ್ಮೆ ನೋಡಲು ಎದ್ದುಬಿಡುತ್ತಾರೆ. ಉಳಿದವರು ನೀವು. ಕೂತು ಕೇಳಿ.

ಚಟ ಹತ್ತಿದ್ದು ಬಂಡ್ರಿಯಲ್ಲಿ, ನನ್ನ ಗಂಡನ ಊರಿನಲ್ಲಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಬಸ್ಸು ಬಂದರೆ ಕೈಯಲ್ಲಿನ ಕೆಲಸ ಬಿಟ್ಟು ನೋಡಲು ಹೊರಗೆ ಓಡಿಬರುತ್ತಿದ್ದೆವು. ಆಮೇಲೆ ಸಂಡೂರಿನ ಗುಡ್ಡಗಳಲ್ಲಿ ಗಣಿ ಕೆಲಸ ಜೋರಾಯಿತು. ಅದಿರು ತುಂಬಿದ ಲಾರಿಗಳು ಒಂದರ ಬಾಲ ಒಂದು ಹಿಡಿದುಕೊಂಡಂತೆ ಹೋಗತೊಡಗಿದವು. ಊರಲ್ಲಿ ಕೆಲವರು ತಾವೂ ಲಾರಿ ಕೊಂಡರು, ಕೊರಳಿಗೆ ಹಗ್ಗದಂಥ ಚಿನ್ನದ ಸರ ಹಾಕಿದರು. ನಮಗೆ ಬಂದದ್ದು ಧೂಳು. ಕೆಂಪು ಧೂಳು. ಬೇವಿನ ಮರ ಕೆಂಪು, ಜೋಳದ ತೆನೆ ಕೆಂಪು, ದೇವರ ಪಟದ ಗಾಜು ಕೆಂಪು. ಸಂಜೆ ಮೈ ತೊಳೆದಾಗಲೇ ನಮ್ಮ ಎಮ್ಮೆ ಕರಿ ಎಮ್ಮೆ ಎಂಬುದು ನೆನಪಾಗುತ್ತಿತ್ತು. ಉಪ್ಪಿನ ಡಬ್ಬಿ ತೆರೆದು, ಖಾರಪುಡಿ ಅಂದುಕೊಂಡು ಮುಚ್ಚಿ, ಪಕ್ಕದ ಡಬ್ಬಿ ತೆರೆದು, ಅದರಲ್ಲೂ ಖಾರಪುಡಿ ಕಂಡು ಬೆಪ್ಪಾಗಿ ನಿಂತದ್ದಿದೆ.

ಹಿತ್ತಲಲ್ಲಿ ಬಾವಿಯ ಪಕ್ಕ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ ಒಂದಿಷ್ಟು ಹೊತ್ತು ಅದರ ಮೇಲೆ ಹೋಗಿ ಕೂರುತ್ತಿದ್ದೆ. ಅತ್ತೆ ಇದ್ದ ಕಾಲದಲ್ಲಿ ಸಿಟ್ಟು ಬಂದರೂ ಅಲ್ಲೇ, ಅಳು ಬಂದರೂ ಅಲ್ಲೇ. ಬಸುರಿಯಾಗಿದ್ದಾಗ ಕದ್ದು ಹುಣಸೆಕಾಯಿ ತಿಂದದ್ದೂ ಅಲ್ಲೇ. ದೊಡ್ಡ ಮನೆಗಳಲ್ಲಿ ಗಂಡಸರಿಗೆ ಕಟ್ಟೆ ಇರುತ್ತದೆ, ಮುದುಕರಿಗೆ ಹೊರಸು ಇರುತ್ತದೆ, ದೇವರಿಗೆ ಗೂಡು ಇರುತ್ತದೆ. ಹೆಂಗಸಿಗೆ ಇದು ನಿನ್ನ ಜಾಗ ಎಂದು ಯಾರೂ ತೋರಿಸುವುದಿಲ್ಲ. ಅವಳೇ ಒಂದು ಕಲ್ಲು ಹುಡುಕಿಕೊಳ್ಳಬೇಕು. ಲಾರಿಗಳು ತಿರುಗಲಿಕ್ಕೆ ಅನುಕೂಲವಾಗಲಿ ಎಂದು ನಮ್ಮ ಹಿತ್ತಲಿನ ಮೇಲೆ ಇನ್ನೊಂದು ರಸ್ತೆ ಎಳೆದಾಗ ಬಾವಿ ಮುಚ್ಚಿಹೋಯಿತು. ಕಲ್ಲು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಂದಿನಿಂದ ನಾನು ಒರೆಸಿ ಕೂರುತ್ತಿದ್ದೇನೆ. ಎಲ್ಲಿ ಕೂತರೂ ಪರರ ಜಾಗದಲ್ಲಿ ಕೂತ ಹಾಗೆ.

ಮಗಳು ಗಿರಿಜಾಳನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಅಕ್ಕಿ ಗಿರಣಿಯವರ ಮನೆ. ಅವಳ ಅತ್ತೆ ಗೌರಮ್ಮ, ಅಂದರೆ ನನ್ನ ಬೀಗಿತ್ತಿ, ಮಾತಿನಲ್ಲಿ ಗಿರಣಿಗಿಂತ ಜೋರು. ಗಿರಣಿಯನ್ನಾದರೂ ಕರೆಂಟು ಹೋದಾಗ ನಿಲ್ಲಿಸಬಹುದು. ಗಿರಿಜಾ ಬಸುರಿಯಾದಳು. ಕುಬುಸದ ಕಾರ್ಯ ಮಾಡಿ, ಕೈತುಂಬ ಹಸಿರು ಬಳೆ ತೊಡಿಸಿ ಬಂಡ್ರಿಗೆ ಕರೆದುಕೊಂಡು ಬಂದೆವು. ಮೊದಲ ಬಾಣಂತನ ತವರಿನದು. ನಮ್ಮಲ್ಲಿ ಇದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಬೆಳಗಾಗುತ್ತದೆ ಎಂಬಷ್ಟೇ ಸಹಜ. ನನಗೆ ಇರುವವಳು ಒಬ್ಬಳೇ ಮಗಳು. ಅವಳ ಕೂಸಿಗೆ ನಾನು ಎಣ್ಣೆ ತಿಕ್ಕಿ ನೀರು ಹಾಕಬೇಕು, ಲೋಬಾನದ ಹೊಗೆ ಹಿಡಿಯಬೇಕು, ಮೂಗು ತಿದ್ದಬೇಕು. ನನ್ನ ಅವ್ವ ನನಗೆ ಮಾಡಿದ್ದೆಲ್ಲ ಬೆರಳಿನಲ್ಲಿ ನೆನಪಿತ್ತು.

ಒಳಕೋಣೆಯನ್ನು ಸಾರಿಸಿದೆ. ಕಿಟಕಿಗೆ ಹಳೆಯ ಸೀರೆ ನೆನೆಸಿ ಕಟ್ಟಿದೆ, ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟೆ. ಕೂಸಿನ ಬಟ್ಟೆಗೆಂದು ಹಳೆಯ ಧೋತರಗಳನ್ನು ಹರಿದು, ಕುದಿಸಿ, ಒಗೆದು ಒಣಹಾಕಿದೆ. ಒಣಗುವಷ್ಟರಲ್ಲಿ ಕೆಂಪು. ಮತ್ತೆ ಒಗೆದೆ. ಮತ್ತೆ ಕೆಂಪು. ಒಳಗೆ ಹೊರಸಿನ ಕೆಳಗೆ ಹಗ್ಗ ಕಟ್ಟಿ ಒಣಗಿಸಿದೆ. ಈ ಸಲ ನನ್ನ ಕಣ್ಣಿಗೆ ಹಾಲಿನಂತೆ ಬಿಳಿಯಾಗಿ ಕಂಡವು. ಮಡಚಿ ಗಂಟು ಕಟ್ಟಿಟ್ಟೆ.

ಗೌರಮ್ಮ ಸೊಸೆಗೆ ಬುತ್ತಿ ತಂದರು. ಚಿತ್ರಾನ್ನ, ಮೊಸರನ್ನ, ಕರ್ಜಿಕಾಯಿ, ಎಲ್ಲ. ಉಂಡ ಮೇಲೆ ನಾನು ಹೆಮ್ಮೆಯಿಂದ ಗಂಟು ಬಿಚ್ಚಿ ತೋರಿಸಿದೆ. ಅವರು ಒಂದು ಬಟ್ಟೆಯನ್ನು ಎತ್ತಿ, ತಮ್ಮ ಜೊತೆ ತಂದಿದ್ದ ಹೊಸ ಬಿಳಿ ಟವೆಲಿನ ಪಕ್ಕ ಹಿಡಿದರು. ಆಗ ನನಗೂ ಕಂಡಿತು. ಅಪ್ಪಟ ಕಾವಿ.

"ಏನ್ರೀ ಬೀಗರ," ಎಂದರು ಗೌರಮ್ಮ, "ನಮ್ಮ ಕೂಸಿಗೆ ತೊಟ್ಟಲದಾಗ ಸನ್ಯಾಸ ಕೊಡಾಕ ಹೊಂಟೀರೇನ್ರಿ?"

ಗಿರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಮನೆಯವರು ಹೊರಗೆ ಹೋಗಿ ನಕ್ಕರು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ನಕ್ಕು ಮುಗಿದ ಮೇಲೆ ಗೌರಮ್ಮ ದನಿ ಇಳಿಸಿದರು.

"ನಗು ಬಿಡ್ರಿ, ಈಗ ಖರೇ ಮಾತು ಕೇಳ್ರಿ. ಬಾಣಂತನ ನಿಮ್ಮದು, ಅದರಾಗ ನಾ ಬಾಯಿ ಹಾಕಂಗಿಲ್ಲ. ಆದ್ರ ಈ ಧೂಳಿನ್ಯಾಗ ಹಸಿ ಕೂಸು ಇಡಾಕ ನನ್ನ ಜೀವ ಒಪ್ಪಂಗಿಲ್ಲ. ಎಲ್ಲರ ಒಂದು ಚೊಲೋ ಜಾಗ ನೋಡ್ರಿ. ಸಿಗಲಿಲ್ಲಂದ್ರ ನಾ ಕಂಪ್ಲಿಗೆ ಕರಕೊಂಡು ಹೋಗ್ತೀನಿ, ನಾನ ಎರೀತೀನಿ."

ತಪ್ಪು ಹೇಳಿದ್ದರೆ ಜಗಳವಾಡಬಹುದಿತ್ತು. ಅವರು ಸರಿಯಾಗಿ ಹೇಳಿಬಿಟ್ಟಿದ್ದರು, ಅದೇ ತೊಂದರೆ. ಸಂಡೂರಿನ ಡಾಕ್ಟರಮ್ಮನೂ ಮೊದಲೇ ಅದನ್ನೇ ಹೇಳಿದ್ದರು, ನಾನು ಮನೆಯಲ್ಲಿ ಹೇಳಿರಲಿಲ್ಲ ಅಷ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ, ನನಗೆ ಎಲ್ಲಿ ತಲೆ ಇಟ್ಟರೂ ನಿದ್ದೆ ಬರುತ್ತದೆ. ಆದರೆ ಬೆಳಿಗ್ಗೆ ಎದ್ದಾಗ ಎದೆಯ ಮೇಲೆ ಬೀಸುವ ಕಲ್ಲು ಇಟ್ಟಂತಿತ್ತು. ಕೂಸು ಬರುವಷ್ಟರಲ್ಲಿ ನಾನು ಒಂದು ಜಾಗ ಹುಡುಕಬೇಕು. ಇಲ್ಲದಿದ್ದರೆ ಮೊದಲ ಮೊಮ್ಮಗುವಿನ ಬಾಣಂತನ ನನ್ನ ಕೈ ತಪ್ಪಿ ಹೋಗುತ್ತದೆ.

ಹುಡುಕಲು ಹೊರಟೆವು, ನಾನೂ ನಮ್ಮ ಮನೆಯವರೂ. ಸೋಮವಾರ ನಾವು ಎತ್ತು ಹೂಡುವುದಿಲ್ಲ, ಹೀಗಾಗಿ ನಮ್ಮ ಹುಡುಕಾಟವೆಲ್ಲ ಸೋಮವಾರಗಳಂದು. ಮೊದಲು ದೋಣಿಮಲೈ. ಅವರ ದೊಡ್ಡಪ್ಪನ ಮಗ ಅಲ್ಲಿ ಕಂಪನಿ ಕ್ವಾರ್ಟರ್ಸಿನಲ್ಲಿದ್ದಾನೆ. ಅದೊಂದು ವಿಚಿತ್ರ. ಗುಡ್ಡ ಅಗೆಯುವ ಊರಿನಲ್ಲೇ ಗಿಡಮರ ಹಸಿರಾಗಿದ್ದವು, ರಸ್ತೆಗೆ ನೀರು ಹೊಡೆದಿದ್ದರು, ಮಕ್ಕಳು ಶಾಲೆಯ ಬಿಳಿ ಅಂಗಿ ಬಿಳಿಯಾಗಿಯೇ ಇಟ್ಟುಕೊಂಡಿದ್ದವು. ನಾನು ಮನಸ್ಸಿನಲ್ಲಿ ತೊಟ್ಟಿಲು ಕಟ್ಟಿಬಿಟ್ಟೆ. ಅವನ ಹೆಂಡತಿಯೂ ಒಳ್ಳೆಯವಳು. "ಬರ್ರಿ ಅಕ್ಕಾ, ಗೀಸರ್ ಐತಿ, ಸ್ವಿಚ್ ಒತ್ತಿದ್ರ ಬಿಸಿ ನೀರು" ಎಂದು ಬಚ್ಚಲು ತೋರಿಸಿದಳು. ನಾನು ಒಳಗೆ ಹೋಗಿ ಕೂತು ನೋಡಿದೆ. ಕೂಸಿಗೆ ಎರೆಯಬೇಕಾದರೆ ಎರಡೂ ಕಾಲು ಉದ್ದಕ್ಕೆ ಚಾಚಿ, ಅದರ ಮೇಲೆ ಕೂಸನ್ನು ಮಲಗಿಸಿಕೊಳ್ಳಬೇಕಲ್ಲ. ಒಂದು ಕಡೆ ಚಾಚಿದರೆ ಕಮೋಡಿಗೆ ತಾಗಿತು, ಇನ್ನೊಂದು ಕಡೆ ಚಾಚಿದರೆ ಪಾದ ಬಾಗಿಲಿನಿಂದ ಹೊರಗೆ ಹೋಯಿತು. ಹೊರಗೆ ನಿಂತಿದ್ದ ನಮ್ಮ ಮನೆಯವರು ನನ್ನ ಪಾದ ನೋಡಿ, "ಬರೀ ಕಾಲು ಕಾಣ್ತಾವು, ಎಲ್ಲಿ ಅದೀಯ?" ಎಂದು ಕೇಳಿದರು. ಅಲ್ಲಿಗೆ ದೋಣಿಮಲೈ ಮುಗಿಯಿತು.

ಹೊಸಪೇಟೆಯಲ್ಲಿ ಬಾಡಿಗೆಗೆ ಒಂದು ಕೋಣೆ ಕೇಳಿದೆವು. ಗಣಿಯಿಂದಾಗಿ ಊರೆಲ್ಲ ಹೊಸ ಮನೆ, ಹೊಸ ಬಣ್ಣ. ಒಬ್ಬಾಕೆ ಎಲ್ಲಕ್ಕೂ ಹೂಂ ಎಂದು, ಕೊನೆಗೆ "ಯಾರು ಇರೋರು?" ಎಂದು ಕೇಳಿದಳು. ಬಾಣಂತಿ ಎಂದೆ. ಆಕೆ ತನ್ನ ಗುಲಾಬಿ ಬಣ್ಣದ ಗೋಡೆಯನ್ನು ಒಮ್ಮೆ ನೋಡಿ, ನಾನು ಹಾಕಲಿರುವ ಲೋಬಾನದ ಹೊಗೆಯನ್ನು ಅಲ್ಲೇ ಕಂಡವಳಂತೆ ಕೆಮ್ಮಿ, "ಮನೀ ಕೊಟ್ಟುಬಿಟ್ಟೀವಿ" ಎಂದಳು. ಈಗ ತಾನೇ ಖಾಲಿ ಇತ್ತಲ್ಲ ಎಂದು ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಆಗ ನನಗೆ ಹಂಪಿ ನೆನಪಾಯಿತು. ನೆನಪಾಗದೆ ಏನು, ಅದು ನನ್ನ ತವರು. ಅಪ್ಪ ಅಲ್ಲಿ ಬಾಳೆ ತೋಟದಲ್ಲಿ ದುಡಿಯುತ್ತಿದ್ದ. ಮಧ್ಯಾಹ್ನ ನಾನು ರೊಟ್ಟಿ ಗಂಟು ಹೊತ್ತುಕೊಂಡು ಹೋಗುತ್ತಿದ್ದೆ. ಉಂಡು ಅಪ್ಪ ತೋಟದ ಪಕ್ಕದ ಕಲ್ಲಿನ ಮಂಟಪದಲ್ಲಿ ಮಲಗುತ್ತಿದ್ದ. ಅಲ್ಲೊಂದು ಕಂಬಕ್ಕೆ ನಾನು ಬೆನ್ನು ಕೊಟ್ಟು ಕೂರುತ್ತಿದ್ದೆ. ಹೊರಗೆ ಬಂಡೆಗಳು ಹಂಚಿನಂತೆ ಕಾದಿದ್ದರೂ ಆ ಕಂಬ ತಣ್ಣಗೆ, ಮಡಕೆಯ ನೀರಿನ ಹಾಗೆ. ಕಂಬದ ಮೇಲೆ ಒಂದು ಕೋತಿಯ ಚಿತ್ರ ಕೆತ್ತಿದ್ದರು. ಮಾಸ್ತರು ಹೊಡೆದದ್ದು, ನನ್ನ ಬಳಪ ಯಾರೋ ಕದ್ದದ್ದು, ನಾಲ್ಕನೇ ಕ್ಲಾಸಿಗೆ ಶಾಲೆ ಸಾಕು ಎಂದು ಅವ್ವ ಅಂದದ್ದು, ಎಲ್ಲವನ್ನೂ ಮೊದಲು ಆ ಕೋತಿಗೇ ಹೇಳಿದ್ದೆ. ಅದು ಯಾರಿಗೂ ಹೇಳಲಿಲ್ಲ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ಅಪ್ಪ ಗೊರಕೆ ಹೊಡೆಯುತ್ತಿದ್ದ, ಬಾಳೆ ಎಲೆ ಒಂದಕ್ಕೊಂದು ತಾಗಿ ಸಪ್ಪಳ. ಅಷ್ಟು ನೆಮ್ಮದಿಯಲ್ಲಿ ಮತ್ತೆ ಎಲ್ಲೂ ಕೂತ ನೆನಪಿಲ್ಲ. ಅಪ್ಪ ಅವ್ವ ಹೋದರು, ನಾವಿದ್ದ ಗುಡಿಸಲೂ ಹೋಯಿತು. ಆದರೆ ಚಿಕ್ಕಪ್ಪನ ಮಗಳು ಹುಲಿಗೆವ್ವ ಅಲ್ಲೇ ಇದ್ದಳು. ಅವಳ ಮನೆಯಲ್ಲಿ ಒಂದು ಕೋಣೆ ಸಿಕ್ಕರೆ ಸಾಕಲ್ಲ? ಧೂಳಿಲ್ಲ, ಲಾರಿಯಿಲ್ಲ, ನನ್ನ ತವರಿನಲ್ಲೇ ನನ್ನ ಮಗಳ ಬಾಣಂತನ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನೇ ನಗುತ್ತ ಕೂತಿದ್ದೆ.

ಹುಲಿಗೆವ್ವ ನನ್ನನ್ನು ತಬ್ಬಿಕೊಂಡಳು, ಅತ್ತಳು, ಮಂಡಕ್ಕಿ ಒಗ್ಗರಣೆ ಹಾಕಿ ಕೊಟ್ಟಳು. ಮಾತು ತೆಗೆದ ಮೇಲೆ ಕೈ ಹಿಸುಕಿಕೊಂಡಳು.

"ಯಕ್ಕಾ, ಕ್ವಾಣಿ ಎಲ್ಲೈತಿ? ಎಲ್ಲಾ ಫಾರಿನ್ನರಿಗೆ ಕೊಟ್ಟೀವಿ. ನಾವ ಅಡಿಗಿ ಮನಿಯಾಗ ಮಲಗ್ತೀವಿ."

ಆ ಹೊತ್ತಿಗೆ ಸರಿಯಾಗಿ ಪಡಸಾಲೆಗೆ ಒಬ್ಬ ಬಿಳಿ ಹುಡುಗ ಬಂದ. ಜಡೆ ಹೆಣೆದ ಕೂದಲು, ನಮ್ಮೂರ ಹುಡುಗಿಯರಿಗೂ ಇಲ್ಲದಷ್ಟು ಉದ್ದ. ಮೈಮೇಲೆ ಕಾವಿ ಬಣ್ಣದ ಅಂಗಿ. ನಮಗೆ ಕೈಮುಗಿದು, ಗೋಡೆಗೆ ಮುಖ ಮಾಡಿ ಕಣ್ಣು ಮುಚ್ಚಿ ಕೂತುಬಿಟ್ಟ.

"ಇವಗೇನಾಗೈತಿ?" ಎಂದೆ.

"ಶಾಂತಿ ಹುಡಿಕ್ಯಾಡಾಕ ಬಂದಾನಂತ," ಎಂದಳು ಹುಲಿಗೆವ್ವ. "ಅವರ ಊರಾಗ ಸಿಗಲಿಲ್ಲಂತ."

ನಮ್ಮ ಮನೆಯವರು ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನಿನಗ ಒಬ್ಬ ಜೋಡಿ ಸಿಕ್ಕ ನೋಡು" ಎಂದರು. ನನಗೆ ನಗು ಬರಲಿಲ್ಲ. ಅಲ್ಲ, ಅಷ್ಟು ದೂರದಿಂದ ಬಂದವನಿಗೆ ನನ್ನ ತವರಿನಲ್ಲಿ ಒಂದು ಕೋಣೆ ಸಿಕ್ಕಿತು, ನನಗೆ ಇಲ್ಲ.

ಬರುವಾಗ ಆ ಮಂಟಪಕ್ಕಾದರೂ ಹೋಗೋಣ ಎಂದೆ. ಕಂಬ ಇತ್ತು, ಕೋತಿಯೂ ಇತ್ತು. ಸುತ್ತ ತಂತಿ ಎಳೆದಿದ್ದರು. ನಾನು ಬಗ್ಗಿ ಒಳಗೆ ನುಸುಳಿ, ಸೆರಗಿನಿಂದ ನೆಲ ಒರೆಸಿ, ಬೆನ್ನು ಕೊಟ್ಟೆ. ಅದೇ ತಂಪು! ಕಣ್ಣು ಮುಚ್ಚಿದೆನೋ ಇಲ್ಲವೋ, ಪೀಪಿ ಊದಿದ ಸಪ್ಪಳ.

"ಯಮ್ಮಾ, ಹೊರಗ ಬರ್ರಿ, ಅಲ್ಲಿ ಕುಂದರಂಗಿಲ್ಲ!" ಕಾವಲುಗಾರ.

"ಇದು ನನ್ನ ಜಾಗ ಐತಪಾ," ಎಂದೆ.

"ಎಲ್ಲಾರೂ ಹಂಗ ಅಂತಾರ. ಏಳ್ರಿ."

ಎದ್ದೆ. ಕೋತಿ ಈಗಲೂ ಏನೂ ಹೇಳಲಿಲ್ಲ.

ನೋವು ಕಾಣಿಸಿಕೊಂಡಾಗ ಗಿರಿಜಾಳನ್ನು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಜಾಗ ಇನ್ನೂ ಸಿಕ್ಕಿರಲಿಲ್ಲ. ಗೌರಮ್ಮ ಕಂಪ್ಲಿಯಿಂದ ಜೀಪಿನಲ್ಲಿ ಬಂದರು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತೆವು. ಅವರು ಕೊರಳಲ್ಲಿನ ಲಿಂಗದ ಕಾಯಿ ಹಿಡಿದು ಜಪ ಮಾಡುತ್ತಿದ್ದರು, ನಾನು ದೇವರನ್ನು ಬೈಯುತ್ತಿದ್ದೆ. ನರ್ಸಮ್ಮ ಹೊರಗೆ ಬಂದು "ಹೆಣ್ಣು ಮಗು" ಎಂದಾಗ ಇಬ್ಬರೂ ಒಟ್ಟಿಗೆ ಎದ್ದೆವು. ಬೆಂಚು ಮಗುಚಿಬಿತ್ತು.

ಆ ಸಂತೋಷವನ್ನು ಹೇಗೆ ಹೇಳಲಿ? ಕೂಸು ನನ್ನ ಕೈಗೆ ಬಂದಾಗ ಆಗ ತಾನೇ ಇಳಿಸಿದ ಅಕ್ಕಿರೊಟ್ಟಿಯ ಹಾಗೆ ಬೆಚ್ಚಗಿತ್ತು. ಮುಷ್ಟಿ ಬಿಗಿ ಹಿಡಿದು, ಯಾರದೋ ಮೇಲೆ ಸಿಟ್ಟಾದಂತೆ ಹುಬ್ಬು ಗಂಟಿಕ್ಕಿತ್ತು. ನಾನು ಅತ್ತೆ, ನಕ್ಕೆ, ನರ್ಸಮ್ಮನಿಗೆ ಮುತ್ತು ಕೊಟ್ಟೆ, ನೆಲ ಒರೆಸುವ ಆಯಾಳನ್ನು ಹಿಡಿದು ತಿರುಗಿಸಿದೆ, ಬೇರೆಯವರ ಕೂಸಿಗೆ ಬಂದ ನೆಂಟರಿಗೆಲ್ಲ ನಮ್ಮ ಪೇಡಾ ಹಂಚಿದೆ. ನಮ್ಮ ಮನೆಯವರು ಕೂಸಿನ ಪಾದವನ್ನು ಒಂದೇ ಬೆರಳಿನಿಂದ ಮುಟ್ಟಿ, ಗೋಡೆಯ ಕಡೆ ತಿರುಗಿ ನಿಂತರು. ಎಮ್ಮೆ ಅಲ್ಲಿರಲಿಲ್ಲ, ಏನು ಮಾಡಬೇಕು ಪಾಪ.

ಮನೆಗೆ ಕಳಿಸುವ ದಿನ ಬಂತು. ಜೀಪು ಆಸ್ಪತ್ರೆಯ ಬಾಗಿಲಲ್ಲಿ ನಿಂತಿತ್ತು. ಗೌರಮ್ಮ ಕೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಬಂಡ್ರಿಗೋ ಕಂಪ್ಲಿಗೋ, ನಾನೇ ಹೇಳಲಿ ಎಂದು. ನನ್ನೊಳಗೆ ಹಟ ಎದ್ದು ಕೂತಿತ್ತು. ಧೂಳಿದ್ದರೇನು, ಗಿರಿಜಾ ಬೆಳೆಯಲಿಲ್ಲವೇ, ಕಿಟಕಿಗೆ ಇನ್ನೆರಡು ಸೀರೆ ಕಟ್ಟಿದರಾಯಿತು, ತವರೆಂದರೆ ತವರು. ಬಂಡ್ರಿ ಎಂದು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಕೂಸು ಒಂದಿಷ್ಟು ಹಾಲು ಕಕ್ಕಿತು. ನನ್ನ ಕೈ ಕೇಳುತ್ತದೆಯೇ? ಸೆರಗಿನ ತುದಿಯಿಂದ ಬಾಯಿ ಒರೆಸಿತು. ಕೂಸಿನ ಗಲ್ಲದ ಮೇಲೆ ಒಂದು ಕೆಂಪು ಗೆರೆ ಮೂಡಿತು.

ರಕ್ತವಲ್ಲ, ನನ್ನ ಸೆರಗಿನದು. ಬಂಡ್ರಿಯ ಧೂಳು, ಹೊಸಪೇಟೆಯವರೆಗೂ ನನ್ನ ಜೊತೆ ಬಂದು, ಅವಳ ಗಲ್ಲ ಮುಟ್ಟಿತ್ತು. ಯಾರೂ ನೋಡಿರಲಿಲ್ಲ. ಗಿರಿಜಾ ಚಪ್ಪಲಿ ಹುಡುಕುತ್ತಿದ್ದಳು. ನಾನು ನಾಲಿಗೆಯಿಂದ ಬೆರಳು ತೇವ ಮಾಡಿಕೊಂಡು ಆ ಗೆರೆಯನ್ನು ಅಳಿಸಿದೆ.

"ಕಂಪ್ಲಿಗೆ ನಡೀರಿ," ಎಂದೆ. ಕೂಸನ್ನು ಗೌರಮ್ಮನ ಕೈಗೆ ಕೊಟ್ಟೆ. "ನೀವ ಎರೀರಿ. ನಾ ನಮ್ಮ ಬಸ್ ಹಿಡೀತೀನಿ."

ಹೆಣ್ಣು ಕೊಟ್ಟ ಮನೆಯಲ್ಲಿ ತಾಯಿ ಹೋಗಿ ಝಾಂಡಾ ಹೂಡುವುದು ನಮ್ಮಲ್ಲಿ ಚೆಂದವಲ್ಲ. ಬೀಗರ ಮನೆಗೆ ಹೋದರೆ ಉಂಡು, ವೀಳ್ಯ ಹಾಕಿಕೊಂಡು, ಬಿಸಿಲು ಇಳಿಯುವ ಮೊದಲು ಎದ್ದು ಬರಬೇಕು. ಹಾಗಾಗಿ ನನ್ನ ಚೀಲ ಎತ್ತಿಕೊಂಡೆ. ಗೌರಮ್ಮ ಕೂಸನ್ನು ಎದೆಗೆ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಬಸ್ ಹಿಡೀತಾರಂತ, ಬಸ್! ನನ್ನ ಮೊಣಕಾಲು ನೋಡೀರೇನು ನೀವು? ಮಡಚಿದ್ರ ಬಿಚ್ಚಂಗಿಲ್ಲ, ಬಿಚ್ಚಿದ್ರ ಮಡಚಂಗಿಲ್ಲ. ಅವತ್ತು ಜೋರಾಗಿ ನಾನ ಎರೀತೀನಿ ಅಂದೆ, ಮನಿಗೆ ಹೋಗಿ ಕಾಲು ಚಾಚಿ ಕುಂತು ನೋಡಿದೆ, ಎಬ್ಬಸಾಕ ಗಿರಣಿ ಹಮಾಲರು ಬರಬೇಕಾತು. ಸುಮ್ಕ ಜೀಪು ಹತ್ತರಿ."

"ಬೀಗರ ಮನಿಯಾಗ ನಾ ಹೆಂಗ್ರಿ ಇರ್ಲಿ? ಮಂದಿ ಏನಂದಾರು?"

"ಮಂದಿ ಬಂದು ಎರೀತಾರೇನು? ಹತ್ತರಿ ಅಂತೀನಿ, ಕೂಸಿಗೆ ಗಾಳಿ ಬಡೀತೈತಿ."

ನಮ್ಮ ಮನೆಯವರು ನನ್ನ ಚೀಲ ತೆಗೆದು ಜೀಪಿನೊಳಗೆ ಇಟ್ಟರು. ನಾನು ಹತ್ತಿದೆ.

ಆ ದೊಡ್ಡ ಮನೆಯಲ್ಲಿ ಮೊದಲಿಗೆ ನನಗೆ ಮೈಯೆಲ್ಲ ಮುಳ್ಳು. ಎಲ್ಲಿ ನೋಡಿದರೂ ಕುರ್ಚಿ. ನಾನು ಕುರ್ಚಿಯ ತುದಿಯಲ್ಲಿ ಬೀಳುವವಳ ಹಾಗೆ ಕೂರುತ್ತಿದ್ದೆ. ಉಣ್ಣಲು ನಾಚಿಕೆ, ಎರಡನೇ ಸಲ ಸಾರು ಕೇಳಲು ಇನ್ನೂ ನಾಚಿಕೆ. ಅಳಿಯ ಎದುರು ಬಂದರೆ ನಾನು ಬಾಗಿಲ ಹಿಂದೆ, ನನ್ನನ್ನು ಕಂಡು ಅವನು ಗಿರಣಿಯೊಳಗೆ. ಪಾಪ, ಅವನ ಮನೆಯಲ್ಲಿ ಅವನಿಗೇ ಜಾಗವಿಲ್ಲದಂತೆ ಮಾಡಿದ್ದೆ.

ಆದರೆ ಬಚ್ಚಲು! ಹಿತ್ತಲಲ್ಲಿ ಬೇರೆಯೇ ಕಟ್ಟಿದ ಹಳೆಯ ಬಚ್ಚಲು. ಕಪ್ಪು ಕಲ್ಲಿನ ನೆಲ, ನಾನು ಕಾಲು ಚಾಚಿದರೆ ಇನ್ನೂ ಇಬ್ಬರು ಚಾಚುವಷ್ಟು ಅಗಲ. ಮೂಲೆಯಲ್ಲಿ ತಾಮ್ರದ ಹಂಡೆ. ಕೆಳಗೆ ಒಲೆಗೆ ಗಿರಣಿಯ ಭತ್ತದ ಹೊಟ್ಟು. ಹೊಟ್ಟು ಸೌದೆಯ ಹಾಗೆ ಉರಿಯುವುದಿಲ್ಲ, ಒಳಗೊಳಗೇ ಕಾಯುತ್ತ ಇರುತ್ತದೆ, ಇಡೀ ದಿನ ನೀರು ಬಿಸಿ. ಗೋಡೆಯ ಆಚೆ ಗಿರಣಿ ಧಡಧಡ ಎನ್ನುತ್ತಿತ್ತು. ನಾನು ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಕಾಲು ಚಾಚಿ, ಕೂಸನ್ನು ಮಲಗಿಸಿಕೊಂಡು ಮೊದಲ ತಂಬಿಗೆ ನೀರು ಹಾಕಿದೆ. ಅಯ್ಯೋ, ಆ ಕಿರುಚಾಟ! ಗಿರಣಿ ಸೋತಿತು.

"ನೀರು ಸುಡತೈತಿ!" ಎಂದರು ಹೊಸ್ತಿಲ ಮೇಲೆ ಮಣೆ ಹಾಕಿ ಕೂತ ಗೌರಮ್ಮ.

"ಸುಡಂಗಿಲ್ಲ ಬಿಡ್ರಿ."

"ನಮ್ಮ ಮನಿಯಾಗ ಇಷ್ಟು ಬಿಸಿ ಹಾಕಂಗಿಲ್ಲ."

"ಅದಕ್ಕ ನಿಮ್ಮ ಮೊಣಕಾಲು ಹಂಗ ಆಗ್ಯಾವು."

ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಬೀಗರಿಗೆ ಯಾರಾದರೂ ಹೀಗೆ ಅನ್ನುತ್ತಾರೆಯೇ? ಗೌರಮ್ಮ ಬಾಯಿ ತೆರೆದವರು ಮುಚ್ಚಲಿಲ್ಲ. ಆಮೇಲೆ ಅವರ ಹೊಟ್ಟೆ ಅಲುಗಾಡಿತು. ಅವರು ನಕ್ಕ ನಗೆಗೆ ಒಳಗೆ ಮಲಗಿದ್ದ ಗಿರಿಜಾ "ಏನಾತವ್ವಾ?" ಎಂದು ಕೂಗಿದಳು.

ಅಂದಿನಿಂದ ದಿನವೂ ಜಗಳ. ಲೋಬಾನ ಹೆಚ್ಚಾಯಿತು, ಎಣ್ಣೆ ಕಡಿಮೆಯಾಯಿತು, ಬಾಣಂತಿಗೆ ಬೆಳ್ಳುಳ್ಳಿ ಸಾಲದು, ಅಂಟಿನುಂಡಿಗೆ ಬೆಲ್ಲ ಬಹಳ. ಕೂಸಿನ ಮೂಗು ಯಾರದು ಎಂಬ ಜಗಳವಂತೂ ಇನ್ನೂ ನಡೆದಿದೆ. ನಡುವೆ ಗೌರಮ್ಮ "ಬೀಗರ" ಅನ್ನುವುದು ಯಾವಾಗ ಬಿಟ್ಟರೋ, "ತಂಗಿ" ಅನ್ನುವುದು ಯಾವಾಗ ಹಿಡಿದರೋ, ನನಗೆ ಗೊತ್ತಾಗಲಿಲ್ಲ. ಸೋಮವಾರ ನಮ್ಮ ಮನೆಯವರು ಬರುತ್ತಿದ್ದರು, ಹೊಲದ ಸೊಪ್ಪೋ ಎಮ್ಮೆಯ ಬೆಣ್ಣೆಯೋ ಹಿಡಿದುಕೊಂಡು. ಬಂಡ್ರಿಯಲ್ಲಿ ತಾವೇ ರೊಟ್ಟಿ ತಟ್ಟಿಕೊಂಡು ಉಣ್ಣುತ್ತಿದ್ದರು, ಬೆರಳ ತುದಿ ಸುಟ್ಟುಕೊಂಡಿದ್ದರು. ಗೌರಮ್ಮ ಅವರನ್ನು ಬಿಡುತ್ತಿರಲಿಲ್ಲ. "ಹೆಂಡ್ತೀನ ನೋಡಾಕ ಬಂದೀರೋ, ಮೊಮ್ಮಗಳನ್ನೋ? ಬಾಣಂತಿ ಒಬ್ಬಾಕಿ ಅಲ್ಲ, ನಮ್ಮನಿಯಾಗ ಇಬ್ರು ಅದಾರ, ಇಬ್ರನ್ನೂ ಕಳಸಂಗಿಲ್ಲ" ಎಂದು ಛೇಡಿಸುತ್ತಿದ್ದರು. ನಮ್ಮ ಮನೆಯವರು ಕೆಂಪಗಾಗಿ ಚಹಾ ಬಟ್ಟಲೊಳಗೆ ಮುಖ ಹುದುಗಿಸುತ್ತಿದ್ದರು.

ಒಂದು ಮುಂಜಾನೆಯ ಮಾತು ಹೇಳುತ್ತೇನೆ. ಎರೆದು ಮುಗಿದಿತ್ತು. ಕೂಸು ಅತ್ತೂ ಅತ್ತು, ನನ್ನ ಕಾಲ ಮೇಲೆಯೇ ಗಾಢ ನಿದ್ದೆಗೆ ಬಿತ್ತು. ಎತ್ತಿದರೆ ಎಚ್ಚರವಾದೀತೆಂದು ಸುಮ್ಮನೆ ಕೂತೆ. ಹಂಡೆಯಿಂದ ಹಬೆ ಏಳುತ್ತಿತ್ತು. ಹಂಚಿನ ಸಂದಿಯಿಂದ ಒಂದು ಕೋಲು ಬಿಸಿಲು ಇಳಿದಿತ್ತು, ಅದರೊಳಗೆ ಹೊಟ್ಟಿನ ಚಿನ್ನದ ಬಣ್ಣದ ಧೂಳು ತೇಲುತ್ತಿತ್ತು. ಹೌದು, ಅಲ್ಲೂ ಧೂಳೇ. ಆದರೆ ಅನ್ನದ ವಾಸನೆಯ ಧೂಳು. ಗಿರಣಿ ತನ್ನ ಪಾಡಿಗೆ ಬಡಿದುಕೊಳ್ಳುತ್ತಿತ್ತು. ಗೌರಮ್ಮ ಹೊಸ್ತಿಲಲ್ಲೇ ತೂಕಡಿಸುತ್ತಿದ್ದರು. ನನ್ನ ಕಾಲು ಜೋಮು ಹಿಡಿದು, ಮರವಾಗಿ, ಆಮೇಲೆ ಇದೆಯೋ ಇಲ್ಲವೋ ಎಂಬಂತಾಯಿತು. ಏಳಬೇಕು ಅನ್ನಿಸಲಿಲ್ಲ. ಒದ್ದೆ ಕಲ್ಲಿನ ಮೇಲೆ, ಒದ್ದೆ ಸೀರೆಯಲ್ಲಿ ಕೂತಿದ್ದೆ. ಎಷ್ಟೋ ಹೊತ್ತಿನ ಮೇಲೆ ಹೊಳೆಯಿತು: ಇಲ್ಲಿ ನಾನು ಬಂದ ದಿನದಿಂದ ಒಮ್ಮೆಯೂ ನೆಲ ಒರೆಸಿ ಕೂತಿರಲಿಲ್ಲ.

ಬಾಣಂತನ ಮುಗಿಯಿತು. ಗಿರಿಜಾ ಎದ್ದು ಓಡಾಡಿದಳು, ಪಂಪಾಳ ಹೆಸರಿಡುವುದೂ ಆಯಿತು. ರೀತಿಯ ಪ್ರಕಾರ ಆಗ ಮಗಳಿಗೆ ಉಡಿ ತುಂಬಿ, ಕೂಸು ತೊಟ್ಟಿಲ ಸಮೇತ ತವರಿನಿಂದ ಗಂಡನ ಮನೆಗೆ ಕಳಿಸಬೇಕು. ಆದರೆ ಮಗಳು ಗಂಡನ ಮನೆಯಲ್ಲೇ ಇದ್ದಾಳೆ. ಕಳಿಸುವುದು ಯಾರನ್ನು? ಉಳಿದವಳು ನಾನೊಬ್ಬಳು. ಬೆಳಿಗ್ಗೆ ನನ್ನ ಚೀಲ ಕಟ್ಟಿದೆ. ಕೂಸನ್ನು ಮುದ್ದಿಸಿದೆ, ಕೆಳಗಿಟ್ಟೆ, ಮತ್ತೆ ಎತ್ತಿದೆ. ಕೊನೆಗೆ ಗಿರಿಜಾ ನನ್ನ ಕೈಯಿಂದ ಕಸಿದುಕೊಂಡಳು. ಯಾರ ಮುಖವನ್ನೂ ನೋಡದೆ ಬಾಗಿಲಿನ ಕಡೆ ನಡೆದೆ.

"ಎಲ್ಲಿ ಹೊಂಟಿ? ಬಾ ಇಲ್ಲಿ, ಕುಂದ್ರು." ಗೌರಮ್ಮ ದೇವರ ಮುಂದೆ ಮಣೆ ಹಾಕಿ, ರಂಗೋಲಿ ಎಳೆದು ನಿಂತಿದ್ದರು. ಕೈಯಲ್ಲಿ ಮೊರ. ಮೊರದಲ್ಲಿ ಅವರದೇ ಗಿರಣಿಯ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಸಿನ ಕೊನೆ, ಎಲೆ ಅಡಿಕೆ, ಹಸಿರು ಕುಬುಸದ ಬಟ್ಟೆ.

"ಇದು ಏನ್ರಿ ಇದು? ಬೀಗಿತ್ತಿಗೆ ಯಾರರ ಹಿಂಗ ಉಡಿ ತುಂಬ್ತಾರ? ಮಗಳಿಗೆ ತುಂಬೋದು ಇದು."

"ಗೊತ್ತೈತಿ. ಬಾಣಂತನ ಮುಗಿಸಿ ತವರು ಬಿಟ್ಟು ಹೋಗಾಕಿಗೆ ತುಂಬೋದು. ನೀ ಈಗ ಅದನ್ನ ಮಾಡಾಕತ್ತೀದಿ. ಸೆರಗು ಹಿಡಿ." ನಾನು ಹಿಡಿಯಲಿಲ್ಲ. ಗೌರಮ್ಮ ಮೊರವನ್ನು ಇನ್ನಷ್ಟು ಮುಂದೆ ಚಾಚಿದರು. "ಹಿಡಿಯವ್ವಾ ತಂಗಿ. ಬರೇ ಉಡಿಲೆ ಹೋದ್ರ ನಮ್ಮನಿ ಮರ್ಯಾದಿ ಏನು ಉಳೀತು? ಹಬ್ಬಕ್ಕ 'ಕರೀರಿ' ಅನ್ನಬ್ಯಾಡ, ಸುಮ್ಕ ಬಾ. ತವರಿಗೆ ಬರಾಕ ಯಾರ ಕೇಳ್ತಾರು?"

ಹಿಡಿದೆ. ಅಕ್ಕಿ ಉಡಿಗೆ ಬೀಳುವ ಸಪ್ಪಳ ಕೇಳಿಸುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬಾಗಿ ಅವರ ಕಾಲು ಮುಟ್ಟಲು ಹೋದೆ, ಅವರು ನನ್ನನ್ನು ಎಬ್ಬಿಸಲು ಬಗ್ಗಿದರು, ಬಗ್ಗಿದ ಮೊಣಕಾಲು ಅಲ್ಲೇ ನಿಂತುಬಿಟ್ಟಿತು. ಆಮೇಲೆ ಇಬ್ಬರನ್ನೂ ಅಳಿಯನೇ ಬಂದು ಎಬ್ಬಿಸಬೇಕಾಯಿತು.

ಅಳಿಯ ಬಸ್ಸು ಹತ್ತಿಸಿ, ಚೀಲ ಕಾಲ ಬಳಿ ಇಟ್ಟು ಹೋದ. ನಾನು ಎರಡೂ ಕೈಯಲ್ಲಿ ಉಡಿಯನ್ನು ಹೊಟ್ಟೆಗೆ ಒತ್ತಿ ಹಿಡಿದು ಕೂತಿದ್ದೆ, ಒಂದು ಕಾಳೂ ಕೆಳಗೆ ಬೀಳದ ಹಾಗೆ. ಕಂಪ್ಲಿಯ ಗದ್ದೆಗಳು ಹಸಿರಾಗಿ ಹಿಂದೆ ಹಿಂದೆ ಹೋಗುತ್ತಿದ್ದವು. ಕಂಡಕ್ಟರ್ ಹುಡುಗ ಬಂದು ನಿಂತ. ನನ್ನ ನರೆತ ಕೂದಲು, ತುಂಬಿದ ಉಡಿ, ಅತ್ತು ಊದಿದ ಕಣ್ಣು, ಎಲ್ಲವನ್ನೂ ಒಂದು ಸಲ ನೋಡಿದ.

"ಎಲ್ಲಿಗೆ ಹೊಂಟಿ ಯವ್ವಾ?"

ನನ್ನ ಬಾಯಿಂದ ಊರಿನ ಹೆಸರು ಬರಲಿಲ್ಲ.

"ಗಂಡನ ಮನೀಗೆ ಹೊಂಟೀನಪಾ," ಎಂದೆ.